ವೈರ್ ಕತ್ತರಿಸಿದ ಕೈ

ಇಳಿಜಾರಿನಲ್ಲಿ ಹೆಡ್‌ಲೈಟ್ ಆರಿ, ಹಳೇ ಫೋರ್ ವೀಲ್ ಡ್ರೈವ್ ಜೀಪು ಕಲ್ಲುಕ್ವಾರಿಯ ಗುಂಡಿಗೆ ಉರುಳಿ, ಧಣಿಯ ತಮ್ಮ ಸತ್ತು ಮೂರು ದಿನವಾಗಿತ್ತು. ಡ್ರೈವರ್ ಮಾತ್ರ ಹಾರಿ ಉಳಿದಿದ್ದ. ಅವನ ಬಲಗೈಯನ್ನು ಧಣಿ ಆಗಲೇ ಜಾಕ್ ರಾಡಿನಿಂದ ಮುರಿದಿದ್ದ. ಈಗ ಮಚ್ಚು ಹಿಡಿದು ನಿಂತಿದ್ದ.

"ಕೈ ಚಾಚೋ ಬೇವರ್ಸಿ! ವೈರ್ ಕತ್ತರಿಸಿದ ಕೈ ಮೈಮೇಲೆ ಇರಬಾರದು."

"ನಾನು ಮುಟ್ಟೇ ಇಲ್ಲ ಧಣಿ, ನನ್ನ ಮಕ್ಕಳಾಣೆ!" ಡ್ರೈವರ್ ರಕ್ತ ಉಗುಳಿದ.

ಧಣಿ ಕರೆಸಿದ್ದ ಎಲೆಕ್ಟ್ರಿಷಿಯನ್, ಗುಂಡಿಯಿಂದ ಎಳೆದು ತಂದಿದ್ದ ಜೀಪಿನ ನಜ್ಜುಗುಜ್ಜಾದ ಬಾನೆಟ್ಟಿನೊಳಗೆ ಕೈಯಿಟ್ಟು, ಒಂದೊಂದೇ ವೈರ್ ಸವರುತ್ತ ಬಂದು ಮುಂದಿನ ಜಾಲರಿಯ ಹತ್ತಿರ ಕೈ ನಿಲ್ಲಿಸಿದ.

"ಧಣಿ, ಆಯುಧಪೂಜೆಗೆ ನಿಂಬೆಹಣ್ಣಿನ ಸರ ಕಟ್ಟೋಕೆ ಇಲ್ಲಿ ಸ್ಕ್ರೂ ಹಾಕಿದ್ದು ಯಾರು?"

"ನಾನೇ. ತಮ್ಮನಿಗೆ ದೃಷ್ಟಿ ತಾಗಬಾರದು ಅಂತ. ಪೂಜೆ ಕೆಲಸಕ್ಕೆ ಈ ನಾಯಿನ ಬಿಡ್ತೀನಾ?"

ಎಲೆಕ್ಟ್ರಿಷಿಯನ್ ಸ್ಕ್ರೂ ಬಿಚ್ಚಿ ಧಣಿಯ ಮುಖದ ಮುಂದೆ ಹಿಡಿದ. ಅದರ ಚೂಪು ತುದಿಗೆ ಹೆಡ್‌ಲೈಟ್ ವೈರಿನ ತಾಮ್ರದ ಎಳೆಗಳು ಸುತ್ತಿಕೊಂಡಿದ್ದವು.

"ವೈರ್ ಸೀಳಿದ್ದು ಇದು ಧಣಿ. ಬೇರೆ ಎಲ್ಲೂ ಕತ್ತರಿಸಿಲ್ಲ."

ಧಣಿಯ ಕೈಯಿಂದ ಮಚ್ಚು ಜಾರಿ ನೆಲಕ್ಕೆ ಬಿತ್ತು. ಡ್ರೈವರ್ ಅದನ್ನು ಎಡಗೈಯಲ್ಲಿ ಎತ್ತಿಕೊಂಡ.

"ಕೈ ಚಾಚಿ, ಧಣಿ."