ದೇವರ ಗೂಡಿನಿಂದ ಕಿಟಕಿಗೆ

ಅವರೆಕಾಳಿನ ಸಿಪ್ಪೆಯ ಹಸಿ ವಾಸನೆ ಬಂದರೆ ಸಾಕು, ನಮ್ಮ ಬ್ರಾಂಪ್ಟನ್ ಮನೆಯ ಆ ಮಧ್ಯಾಹ್ನ ಈಗಲೂ ನೆನಪಾಗುತ್ತದೆ.

ಅಮ್ಮನ ಜೊತೆ ನಾನು ನೆನೆದ ಕಾಳು ಹಿಸುಕುತ್ತಿದ್ದೆ. ಏರ್‌ಪೋರ್ಟಿನಿಂದ ಚಿಕ್ಕಪ್ಪ ಫೋನ್ ಮಾಡಿದರು. ಊರಿನಿಂದ ಮೊದಲ ಸಲ ಈ ಪರದೇಶಕ್ಕೆ ಬರುತ್ತಿದ್ದ ಅಜ್ಜಿಯ ವಿಮಾನ ಮಂಜಿನಲ್ಲಿ ಇಳಿಯಲಾಗದೆ ಮೇಲೆಯೇ ಸುತ್ತುತ್ತಿದೆಯಂತೆ.

ಪೈಲಟ್‌ಗಳ ಮಾತು ಕೇಳುವ ರೇಡಿಯೊ ಸ್ಕ್ಯಾನರೊಂದನ್ನು ಅಪ್ಪ ಆಗಷ್ಟೇ ಕೊಂಡಿದ್ದರು. ಹೊಸ ಸಾಮಾನೆಂದು ಅಮ್ಮ ಅದಕ್ಕೆ ಕುಂಕುಮ ಹಚ್ಚಿ ಬೇಸ್‌ಮೆಂಟಿನ ದೇವರ ಗೂಡಿನಲ್ಲಿಟ್ಟಿದ್ದಳು. ಅಪ್ಪ ಅಲ್ಲೇ ಹಾಕಿ ನೋಡಿದರು. ಬರೀ ಗೊರಗೊರ.

“ದೇವರ ಹತ್ರಾನೇ ಇರ್ಲಿ ರೀ, ಅತ್ತೆ ಇನ್ನೂ ಆಕಾಶದಲ್ಲಿದ್ದಾರೆ.”

“ನೆಲದೊಳಗೆ ಸಿಗ್ನಲ್ ಬರಲ್ಲ ಕಣೇ. ನಿನ್ನ ದೇವರಿಗೇನೋ ಕೇಳತ್ತೆ, ನಮಗೆ ಕೇಳೋದು ಬೇಡ್ವಾ?”

ಅಮ್ಮ ಕೈಮುಗಿದು, ತಾನೇ ಅದನ್ನು ಮಹಡಿಯ ಕಿಟಕಿಗೆ ಒಯ್ದಳು. ಅಪ್ಪ ಉದ್ದದ ಆಂಟೆನಾ ಸಿಕ್ಕಿಸಿ ನೆಟ್ಟಗೆ ನಿಲ್ಲಿಸಿದರು. ಗೊರಗೊರ ಅಡಗಿತು. ಅಜ್ಜಿಯ ವಿಮಾನದ ನಂಬರ್ ಹೇಳಿದ ಪೈಲಟ್, ಇಳಿಯಲು ಅನುಮತಿ ಸಿಕ್ಕಿತೆಂದು ಇಂಗ್ಲಿಷಿನಲ್ಲಿ ಶಾಂತವಾಗಿ ನುಡಿದ.

“ಇಲ್ಲಿಗೂ ಬಂದ್ಯಲ್ಲಪ್ಪಾ ತಂದೆ,” ಎಂದು ಅಮ್ಮ ಕಿಟಕಿಗೇ ಕೈಮುಗಿದಳು. ಆಮೇಲೆ ಕಣ್ಣೊರೆಸಿಕೊಂಡು, “ಬಾರೇ, ಅಜ್ಜಿಗೆ ಹಸಿವಾಗಿರತ್ತೆ,” ಎಂದಳು.

ಕೆಳಗಿಳಿದು ಉಳಿದ ಕಾಳು ಹಿಸುಕಲು ಕುಳಿತೆವು.