ಮುಂದಿನ ಸಾಲಿನ ಇಬ್ಬರು

"ಬೆರಳು," ಎಂದ ಎಮೆಟ್.

ಪಕ್ಕದಲ್ಲಿದ್ದ ಗಂಡಸು ತಟ್ಟನೆ ಟ್ರಿಗರ್ ಮೇಲಿನಿಂದ ಬೆರಳು ತೆಗೆದ. ಕೈಯಲ್ಲಿದ್ದದ್ದು ಬರೀ ಮರದ ಕೋವಿ. ಆದರೂ ಮುಖ ಕೆಂಪಾಯಿತು. ಹದಿಮೂರರ ಹುಡುಗ ಸರಿ ಎಂಬಂತೆ ತಲೆಯಾಡಿಸಿದ ಮೇಲೆ ಇಬ್ಬರೂ ಪುಸ್ತಕದತ್ತ ಬಗ್ಗಿದರು.

ಹಿಂದಿನ ಸಾಲಿನಲ್ಲಿದ್ದ ರೋವೆನಾಳಿಗೆ ಹೊಟ್ಟೆ ಉರಿದುಹೋಯಿತು. ಎಂಥ ಮುದ್ದು! ಮಗ ತಿದ್ದಲಿ ಅಂತ ಬೇಕೆಂದೇ ತಪ್ಪು ಮಾಡುವ ಅಪ್ಪ.

ಮೊಂಟಾನಾದ ಆ ಪುಟ್ಟ ಊರಿನಲ್ಲಿ ಬೇಟೆ ಸುರಕ್ಷತೆಯ ತರಗತಿ ನಡೆಯುತ್ತಿದ್ದದ್ದು ಅಗ್ನಿಶಾಮಕ ಠಾಣೆಯ ಹಿಂದಿನ ಕೋಣೆಯಲ್ಲಿ, ಐದು ಶನಿವಾರ ಬೆಳಗ್ಗೆ. ಪ್ರಮಾಣಪತ್ರ ಇಲ್ಲದವರಿಗೆ ಜಿಂಕೆ ಬೇಟೆಯ ಪರವಾನಗಿ ಇಲ್ಲ. "ನಾನೂ ನಿನ್ ಪಕ್ಕ ಕೂತ್ಕೋತೀನಿ ಪುಟ್ಟಿ," ಎಂದು ರೋವೆನಾಳ ಅಪ್ಪ ಮಾತು ಕೊಟ್ಟಿದ್ದ. ಆದರೆ ಪ್ರತಿ ಶನಿವಾರವೂ ಆತ ದನಗಳ ಲಾರಿ ಹತ್ತಿ ಎಲ್ಲೋ ನೆಬ್ರಾಸ್ಕಾದ ದಾರಿಯಲ್ಲಿರುತ್ತಿದ್ದ. "ಮುಂದಿನ ವಾರ ಖಂಡಿತ," ಎಂದು ಫೋನು ಬರುತ್ತಿತ್ತು. ಅವರು ಈ ಊರಿಗೆ ಬಂದು ನಾಲ್ಕೇ ತಿಂಗಳು. ಹದಿನಾಲ್ಕರ ಹುಡುಗಿಗೆ ಕ್ಲಾಸಿನಲ್ಲಿ ಒಂದು ಮುಖವೂ ಪರಿಚಯವಿರಲಿಲ್ಲ.

ಮುಂದಿನ ಸಾಲಿನ ಆ ಗಂಡಸು, ಹಾರ್ಲನ್, ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದ. ಎಮೆಟ್‌ನನ್ನು ಅವನ ತಾಯಿ ನೀಲಿ ಕಾರಿನಲ್ಲಿ ಗೇಟಿನವರೆಗೆ ಬಿಟ್ಟು, ಹಾರ್ಲನ್‌ನ ಗಾಡಿಯತ್ತ ತಿರುಗಿಯೂ ನೋಡದೆ ಹೋಗಿಬಿಡುತ್ತಿದ್ದಳು. ಬೇರೆಯಾದ ಗಂಡ ಹೆಂಡತಿ, ರೋವೆನಾಳಿಗೆ ಅರ್ಥವಾಯಿತು. ಮನೆ ಮುರಿದರೂ ಈ ಹುಡುಗನಿಗೆ ಅಪ್ಪ ಸಿಕ್ಕಿದ್ದಾನೆ. ತನಗೆ ಒಂದೇ ಮನೆಯ ಅಪ್ಪನೂ ಸಿಗುತ್ತಿಲ್ಲ.

ಮೊದಲ ದಿನದ ಆ ನೋಟ ಅವಳಿಗೆ ಮರೆಯಲಾಗಿರಲಿಲ್ಲ. ಎಷ್ಟೋ ಕುರ್ಚಿ ಖಾಲಿ ಇದ್ದವು. ಎಮೆಟ್ ಬಾಗಿಲಲ್ಲಿ ನಿಂತು ಎಲ್ಲರನ್ನೂ ನೋಡಿ, ನೇರ ಹೋಗಿ ಹಾರ್ಲನ್ ಪಕ್ಕವೇ ಕೂತಿದ್ದ.

ಎರಡನೇ ಶನಿವಾರ ಹಾರ್ಲನ್ ದಾಲ್ಚಿನ್ನಿ ಬನ್ನು ತಂದು ಹುಡುಗನ ಮುಂದೆ ಸರಿಸಿದ. ಎಮೆಟ್ ಮುಟ್ಟಲಿಲ್ಲ.

"ತಿನ್ನಲ್ವಾ?" ಬಿಡುವಿನಲ್ಲಿ ರೋವೆನಾ ಕೇಳಿದಳು.

"ಬೇಕಾದ್ರೆ ನೀನೇ ತಿನ್ನು."

ಅವಳು ಸಿಟ್ಟಿನಲ್ಲೇ ಪೂರ್ತಿ ತಿಂದಳು. ಅಷ್ಟು ಪ್ರೀತಿ ಸಿಕ್ಕವರಿಗೆ ಮಾತ್ರ ಇಂಥ ಕೊಬ್ಬು.

ಮೂರನೇ ವಾರ ಪಾಠ ಹೇಳುವ ಓಡೆಗಾರ್ಡ್ ಮೇಡಂಗೆ ದೂರು ಕೊಟ್ಟಳು. "ಮೇಡಂ, ಅವನಿಗೆ ದೊಡ್ಡೋರು ಪಕ್ಕದಲ್ಲೇ ಕೂತು ಹೇಳ್ಕೊಡ್ತಾರೆ. ಇದು ಮೋಸ ಅಲ್ವಾ?"

ಮೇಡಂ ಕನ್ನಡಕ ತೆಗೆದು ಒರೆಸಿದರು. "ಅಲ್ಲಿ ಯಾರು ಯಾರಿಗೆ ಹೇಳ್ಕೊಡ್ತಿದಾರೆ ಅಂತ ಸರಿಯಾಗಿ ನೋಡಿದೀಯಾ?" ಎಂದಷ್ಟೇ ಕೇಳಿ ಮುಂದೆ ಹೋದರು.

ಅವರೂ ಆ ಕಡೆಯೇ! ನಾಲ್ಕನೇ ವಾರ ಬಾಯಿ ಕಟ್ಟಿಕೊಳ್ಳಲು ಅವಳಿಂದ ಆಗಲಿಲ್ಲ. ನೀರು ಕುಡಿಯುತ್ತಿದ್ದ ಎಮೆಟ್‌ನ ಹಿಂದೆ ಹೋಗಿ ನಿಂತಳು.

"ಮೀಸೆ ಬರೋ ವಯಸ್ಸಾಯ್ತು. ಅಪ್ಪ ಇಲ್ದೆ ಒಂದಿನಾನೂ ಇರಕ್ಕಾಗಲ್ವಾ ನಿಂಗೆ?"

ಹುಡುಗ ಬಾಯಿ ಒರೆಸಿಕೊಂಡ.

"ಇದ್ದೀನಲ್ಲ," ಎಂದ.

ಎಂಥ ಉತ್ತರವೋ. ಅವಳಿಗೆ ಇನ್ನಷ್ಟು ಮೈ ಉರಿಯಿತು.

ಕೊನೆಯ ಶನಿವಾರ ಬಯಲಿನಲ್ಲಿ ಪರೀಕ್ಷೆ. ಎಲ್ಲರಿಗೂ ದೂರದಿಂದಲೇ ಎದ್ದು ಕಾಣುವ ಕಿತ್ತಳೆ ಬಣ್ಣದ ಮೇಲಂಗಿ, ಕೈಗೆ ಗುಂಡಿಲ್ಲದ ನಿಜವಾದ ಕೋವಿ. ಇಬ್ಬಿಬ್ಬರಾಗಿ ಮುಳ್ಳುತಂತಿಯ ಬೇಲಿ ದಾಟಬೇಕು. ಎಮೆಟ್ ಕೇಳದೆಯೇ ಹಾರ್ಲನ್ ಜೊತೆ ಹೋಗಿ ನಿಂತ.

ಬೇಲಿಯ ಹತ್ತಿರ ಹಾರ್ಲನ್ ಬಗ್ಗುವಾಗ ಕೋವಿ ಹುಡುಗನತ್ತ ತಿರುಗಿತು.

"ನಳಿಗೆ ನನ್ ಕಡೆ ಇದೆ," ಎಂದ ಎಮೆಟ್ ಮೆಲ್ಲಗೆ.

ಆತ ಕಲ್ಲಾಗಿ ನಿಂತುಬಿಟ್ಟ. ಆಮೇಲೆ ಕೋವಿಯನ್ನು ಹುಲ್ಲಿನ ಮೇಲಿಟ್ಟು ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಹುಡುಗ ಅವಸರ ಮಾಡಲಿಲ್ಲ, ಕಣ್ಣನ್ನೂ ಕದಲಿಸಲಿಲ್ಲ. "ಮೊದಲಿಂದ ಮಾಡಿ," ಎಂದ. ಹಾರ್ಲನ್ ಮೊದಲಿನಿಂದ ಮಾಡಿದ. ಈ ಸಲ ಎಲ್ಲವೂ ಸರಿಯಾಯಿತು.

ರೋವೆನಾ ಪರಿಚಯವಿಲ್ಲದ ಯಾರದೋ ಜೊತೆ ದಾಟಿದಳು. ಐವತ್ತಕ್ಕೆ ನಲವತ್ತೊಂಬತ್ತು ಅಂಕ, ಎಲ್ಲರಿಗಿಂತ ಹೆಚ್ಚು. ಅಪ್ಪನಿಗೆ ಫೋನು ಮಾಡಿದಳು. ಆತ ಎತ್ತಲಿಲ್ಲ. ತಲೆಯೆತ್ತಿದರೆ ಅಲ್ಲಿ ಎಮೆಟ್ ಕೈ ಚಾಚಿದ್ದ, ಹಾರ್ಲನ್ ಆ ಪುಟ್ಟ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅಳುತ್ತಿದ್ದ.

ಮಗ ಪಾಸಾದದ್ದಕ್ಕೆ ಅಳುವ ಅಪ್ಪ! ಅವಳಿಗೆ ತಡೆಯಲಾಗಲಿಲ್ಲ. ನೇರ ಹೋಗಿ ಹಾರ್ಲನ್ ಎದುರು ನಿಂತಳು.

"ನಿಮ್ಮಂಥ ಅಪ್ಪ ಸಿಕ್ಕಿರೋದ್ರ ಬೆಲೆ ಇವನಿಗೆ ಗೊತ್ತೇ ಇಲ್ಲ ಅಂಕಲ್. ಐದು ವಾರದಿಂದ ನೋಡ್ತಿದೀನಿ. ಒಂದ್ಸಲನಾದ್ರೂ ಅಪ್ಪಾ ಅಂದಿದಾನಾ? ನಂಗಿಂಥ ಅಪ್ಪ ಇದ್ದಿದ್ರೆ..."

ಹಾರ್ಲನ್ ಮುಖದಲ್ಲಿ ರಕ್ತವೇ ಇರಲಿಲ್ಲ. ತನ್ನ ಗಾಡಿಗೆ ಒರಗಿ ಹಾಗೆಯೇ ನೆಲದ ಮೇಲೆ ಕುಸಿದ.

ಎಮೆಟ್‌ಗೆ ಸಿಟ್ಟು ಬಂದಂತಿರಲಿಲ್ಲ. ತರಗತಿಯಲ್ಲಿ ಬೆರಳು, ನಳಿಗೆ ಎನ್ನುತ್ತಿದ್ದ ಅದೇ ದನಿಯಲ್ಲಿ ಹೇಳಿದ. "ಇವರು ನಮ್ಮಪ್ಪನ ಸ್ನೇಹಿತ. ಮತ್ತೆ ಪಾಠ ಕಲೀಬೇಕು ಅಂತ ಕೋರ್ಟು ಹೇಳ್ತು. ಸರಿಯಾಗಿ ಕಲೀತಾರಾ ಅಂತ ನೋಡೋಕೆ ನಾನು ಪಕ್ಕದಲ್ಲಿ ಕೂತೆ."

ಆಮೇಲೆ ಕಿತ್ತಳೆ ಮೇಲಂಗಿ ಬಿಚ್ಚಿ ಮಡಿಸುತ್ತಾ ಹೇಳಿದ: "ಕಳೆದ ನವೆಂಬರಲ್ಲಿ ಪೊದೆ ಅಲ್ಲಾಡ್ತು ಅಂತ ಇವರು ಗುಂಡು ಹಾರಿಸಿದ್ರು. ಪೊದೆ ಹಿಂದೆ ಇದ್ದಿದ್ದು ನಮ್ಮಪ್ಪ."