ಏಳನೇ ಮಂಚದ ಕೆಮ್ಮು

"ರೋಗದ ಹೆಸರು ಮಾತ್ರ ಬಾಯಿ ಬಿಡ್ಬೇಡಿ," ಎನ್ನುತ್ತಲೇ ಅವಳು ಪರದೆ ಸರಿಸಿ ಒಳನುಗ್ಗಿದಳು.

ಏಳನೇ ಮಂಚದ ಮೇಲೆ ಸುಸ್ತಾಗಿ ಕುಳಿತಿದ್ದ ಮನುಷ್ಯ ತಲೆಯೆತ್ತಿದ. "ನೋಡಮ್ಮ, ನಾನು..."

"ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಸರ್."

ವೈದ್ಯ ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆಗೆಂದು ವರ್ಷವರ್ಷವೂ ಬಂದು ಮಲಗುವ ರೋಗಿಗಳು ಅರ್ಧ ಡಾಕ್ಟರೇ ಆಗಿರುತ್ತಾರೆ. ಕಳೆದ ಸಲ ಒಬ್ಬ ಅಜ್ಜಿ ಕನಿಕರಪಟ್ಟು ಕಾಯಿಲೆಯ ಹೆಸರನ್ನು ಕಿವಿಯಲ್ಲಿ ಉಸುರಿ, ಸಿಕ್ಕಿಬಿದ್ದು, ಇವಳನ್ನು ಫೇಲು ಮಾಡಿಸಿದ್ದಳು. ಇದು ಮೂರನೇ ಸಲ. ಈಗಲೂ ಕೈಕೊಟ್ಟರೆ ಅಪ್ಪನ ಔಷಧದಂಗಡಿಯಲ್ಲಿ ಮಾತ್ರೆ ಕಟ್ಟುವುದೇ ಗತಿ. ಪರೀಕ್ಷಕರು ಬರಲು ಇನ್ನು ಅರ್ಧ ಗಂಟೆಯಿತ್ತು.

ಅವನು ಕೆಮ್ಮಿದ. ಕರವಸ್ತ್ರದಲ್ಲಿ ರಕ್ತದ ಎಳೆ.

"ಎಷ್ಟು ದಿನದಿಂದ?"

"ಎರಡು ತಿಂಗಳು. ಬರೀ ಅಲರ್ಜಿ."

"ಯಾರು ಹೇಳಿದ್ದು?"

"ಒಬ್ಬ ದೊಡ್ಡ ಡಾಕ್ಟರು."

"ಎದೆ ಸ್ಕ್ಯಾನ್, ಮೂತ್ರ ಪರೀಕ್ಷೆ ಮಾಡಿಸಿದ್ರಾ ಆ ಮಹಾನುಭಾವರು?"

"ಅವರಿಗೆ ಪುರುಸೊತ್ತಿರ್ಲಿಲ್ಲ."

ಅವಳು ಟಾರ್ಚ್ ಹಿಡಿದಳು. ಮೂಗಿನೊಳಗೆ ರಕ್ತದ ಹಕ್ಕಳೆ. ಕೆಂಗಣ್ಣು. ಕಾಲ ಮೇಲೆ ಕೆಂಪು ಚುಕ್ಕೆಗಳು. ಮೂತ್ರದ ಬಣ್ಣ ಕೇಳಿದ್ದಕ್ಕೆ ಅವನು ಕಿಟಕಿಯತ್ತ ನೋಡುತ್ತ, "ಟೀ ಡಿಕಾಕ್ಷನ್ ತರಹ," ಎಂದ. ಅವಳಿಗೆ ಪರೀಕ್ಷೆಯ ಭಯವೇ ಮರೆತುಹೋಯಿತು. ಈ ಮನುಷ್ಯನ ಬಗ್ಗೆ ನಿಜಕ್ಕೂ ದಿಗಿಲಾಯಿತು.

"ಶ್ವಾಸಕೋಶದ ರಕ್ತನಾಳಗಳ ಉರಿಯೂತ ಅನ್ಸುತ್ತೆ. ಕಿಡ್ನಿಗೂ ತಗುಲಿರಬಹುದು."

"ಕ್ಷಯ ಯಾಕಲ್ಲ?"

"ಕಫಾನೂ ಪರೀಕ್ಷೆ ಮಾಡಿಸೋಣ. ಆದ್ರೆ ಮೂಗು, ಕಣ್ಣು, ಮೂತ್ರ ಎಲ್ಲಾ ಒಟ್ಟಿಗೇ ಕೆಟ್ಟಿದೆಯಲ್ಲ."

"ಚಿಕಿತ್ಸೆ?"

"ಇವತ್ತೇ ಅಡ್ಮಿಟ್ ಆಗಿ. ರಕ್ತ ಪರೀಕ್ಷೆ, ಸ್ಕ್ಯಾನ್. ಅದೇ ಅಂತಾದ್ರೆ ಜಾಸ್ತಿ ಸ್ಟೀರಾಯ್ಡ್, ಜೊತೆಗೆ ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧ. ತಡ ಮಾಡಿದ್ರೆ ಕಿಡ್ನಿ ಕೈಬಿಡುತ್ತೆ."

"ಇವತ್ತಾಗಲ್ಲ. ಹೊರಗೆ ಇನ್ನೂ ಹತ್ತು ಜನ ಕಾಯ್ತಿದ್ದಾರೆ."

"ಕಾಯ್ಲಿ ಬಿಡಿ. ನೀವೊಬ್ರು ಇಲ್ದೇ ಹೋದ್ರೆ ಪರೀಕ್ಷೆ ಏನೂ ನಿಂತುಹೋಗಲ್ಲ."



ಪರದೆ ಸರಿಯಿತು. ಊದಿದ ಮಂಡಿ ಹಿಡಿದುಕೊಂಡು ಒಬ್ಬ ಮುದುಕ ಕುಂಟುತ್ತ ಬಂದ. "ಟಾಯ್ಲೆಟ್ಟಿಗೆ ಹೋಗಿದ್ದೆ ಕಣಮ್ಮ, ತಡವಾಯ್ತು. ಏಳನೇ ಮಂಚದ ಪೇಷೆಂಟ್ ನಾನೇ."

ಪರೀಕ್ಷಕರು ಮಂಚದಿಂದ ಇಳಿಯಲಿಲ್ಲ. ಜೇಬಿನಿಂದ ಅಂಕದ ಹಾಳೆ ತೆಗೆದು 'ಪಾಸ್' ಎಂದು ಬರೆದು, ರಕ್ತ ತೆಗೆಯಲು ಅವಳ ಮುಂದೆ ತೋಳು ಚಾಚಿದರು.